ಏಳನೇ ಆವಿಗೆಯ ಬಿಸಿ

ಗಾಳಿಯಿಂದ ಎಣ್ಣೆ ತೆಗೆಯುತ್ತಾರಂತೆ ಎಂದು ಮೊದಮೊದಲು ಯಾರಾದರೂ ಹೇಳಿದರೆ ಗಾಳೆವ್ವನ ಗುಡ್ಡದ ಸುತ್ತಿನ ಜನ ನಗುತ್ತಿದ್ದರು. ಮರಳು ಹಿಂಡಿ ಎಣ್ಣೆ ತೆಗೆದವರ ಕಥೆ ಕೇಳಿದ್ದೇವೆ, ಇದು ಅದಕ್ಕೂ ಮೀರಿತು ಎನ್ನುತ್ತಿದ್ದರು. ಹಡಗಿನಲ್ಲಿ ಬರುತ್ತಿದ್ದ ಎಣ್ಣೆ ನಿಂತು ಈಗ ಹನ್ನೊಂದು ವರ್ಷ. ಖಾಲಿ ಬಂಕುಗಳ ಮುಂದೆ ಕ್ಯಾನು ಹಿಡಿದು ಎರಡೆರಡು ದಿನ ಪಾಳಿ ನಿಂತವರು ಯಾರೂ ಈಗ ನಗುವುದಿಲ್ಲ. ಆ ಸೀಮೆಯ ಬಸ್ಸು, ಟ್ರ್ಯಾಕ್ಟರು, ಆಂಬುಲೆನ್ಸು ಎಲ್ಲವೂ ಓಡುವುದು ಗುಡ್ಡದ ಬುಡದ ಸ್ಥಾವರದಿಂದ ಬರುವ ಎಣ್ಣೆಯಿಂದ. ಜನ ಅದಕ್ಕೆ ಗಾಳಿಎಣ್ಣೆ ಎಂದು ಹೆಸರಿಟ್ಟುಬಿಟ್ಟಿದ್ದಾರೆ.

ಸಂಗತಿ ಇಷ್ಟೇ. ಗುಡ್ಡದ ಮೇಲೆ ನಾನೂರು ಗಾಳಿಪಂಕಗಳಿವೆ. ಆಷಾಢದ ಗಾಳಿ ಎದ್ದರೆ ಅವು ಹುಟ್ಟಿಸುವ ಕರೆಂಟಿಗೆ ಗಿರಾಕಿಯೇ ಇರುವುದಿಲ್ಲ, ಅದನ್ನು ಕೊಡದಲ್ಲಿ ತುಂಬಿಡಲೂ ಬರುವುದಿಲ್ಲ. ಆ ಉಳಿಕೆ ಕರೆಂಟು ಸ್ಥಾವರಕ್ಕೆ ಬರುತ್ತದೆ. ಅಲ್ಲಿ ನೀರಿನ ಹಬೆಯನ್ನೂ, ಸಿಮೆಂಟ್ ಕಾರ್ಖಾನೆಯ ಹೊಗೆಯಿಂದ ಸೋಸಿ ತಂದ ಇಂಗಾಲದ ಅನಿಲವನ್ನೂ ಎಂಟುನೂರು ಡಿಗ್ರಿಗೆ ಕಾಯಿಸಿ ಪಿಂಗಾಣಿಯ ಬಿಲ್ಲೆಗಳ ಒಂದು ಮಗ್ಗುಲಿಗೆ ಹಾಯಿಸುತ್ತಾರೆ. ಬಿಲ್ಲೆಗೆ ಕರೆಂಟು ಕೊಟ್ಟರೆ ಅದು ಆಮ್ಲಜನಕವನ್ನಷ್ಟೇ ತನ್ನೊಳಗಿಂದ ದಾಟಿಸಿ ಆಚೆ ಮಗ್ಗುಲಿಗೆ ಬಿಡುತ್ತದೆ. ಈಚೆ ಉಳಿಯುವುದು ಜಲಜನಕ ಮತ್ತು ಕಾರ್ಬನ್ ಮೊನಾಕ್ಸೈಡ್. ಈ ಉರಿಯುವ ಅನಿಲವನ್ನು ಮುಂದಿನ ಶೆಡ್ಡಿನಲ್ಲಿ ಎಣ್ಣೆಯಾಗಿ ಕಟ್ಟುತ್ತಾರೆ. ಆಚೆ ಮಗ್ಗುಲಿನಿಂದ ಹೊರಬರುವುದು ಆಮ್ಲಜನಕ ತುಂಬಿದ ಬಿಸಿಗಾಳಿ, ಗುಡಿಯ ಗಾಳಿಗಿಂತ ಶುದ್ಧ. ಅರವತ್ತು ಬಿಲ್ಲೆಗಳನ್ನು ದೋಸೆಯ ಹಾಗೆ ಒಂದರ ಮೇಲೊಂದು ಪೇರಿಸಿ ಮೊಹರು ಮಾಡಿದರೆ ಒಂದು ಪೆಟ್ಟಿಗೆ. ಅಂಥವು ಹನ್ನೆರಡು. ಎಂಜಿನಿಯರುಗಳು ಅವಕ್ಕೆ ಏನೋ ಉದ್ದನೆಯ ಹೆಸರಿಟ್ಟಿದ್ದರು. ಕೆಲಸಗಾರರು ಮಾತ್ರ ಆವಿಗೆ ಎಂದೇ ಕರೆಯುತ್ತಿದ್ದರು. ಕುಂಬಾರರು ಗಡಿಗೆ ಸುಡುವ ಆವಿಗೆ.

ಆ ಹೆಸರು ಬಂದದ್ದು ಕುಂಬಾರ ಸೋಮಪ್ಪನಿಂದ. ಸ್ಥಾವರದ ಮೊದಲ ವರ್ಷ ಎಂಜಿನಿಯರುಗಳು ಮೂರು ಪೆಟ್ಟಿಗೆಗಳನ್ನು ಅವಸರದಲ್ಲಿ ಆರಿಸಿ, ಬಿಲ್ಲೆಗಳೆಲ್ಲ ಸೀಳಿ ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಇಟ್ಟಿಗೆ ಹಾಕಲು ಬಂದಿದ್ದ ಸೋಮಪ್ಪ ಅದನ್ನು ನೋಡಿ, "ಬೆಂದ ಮಣ್ಣು ಬಾಣಂತಿ ಇದ್ದಂಗ್ರಿ. ಅದಕ್ಕ ಒಮ್ಮಿಗೆ ಥಂಡಿ ತೋರಸ್ಬಾರ್ದು. ನಮ್ಮ ಆವಗಿ ಬಾಯಿ ಮೂರು ದಿನ ತೆರಿಯಂಗಿಲ್ಲ, ಮನ್ಯಾಗ ಹೆಣಾ ಬಿದ್ರೂ ತೆರಿಯಂಗಿಲ್ಲ" ಎಂದಿದ್ದನಂತೆ. ಅಂದಿನಿಂದ ಕುಂಬಾರರ ಮನೆಯ ಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕತೊಡಗಿತು. ಸೋಮಪ್ಪ ತೀರಿಕೊಂಡು ಮೂರು ವರ್ಷ. ಅವನ ಮಗಳು ನೀಲಗಂಗವ್ವ ಈಗ ಹಗಲು ಪಾಳಿಯ ಮುಖ್ಯಸ್ಥೆ. ಹದಿನಾಲ್ಕು ವರ್ಷದಲ್ಲಿ ಅವಳ ಕೈಯಲ್ಲಿ ಒಂದೇ ಒಂದು ಬಿಲ್ಲೆ ಸೀಳಿರಲಿಲ್ಲ, ಆ ಬಗ್ಗೆ ಅವಳಿಗೆ ಸಾಕಷ್ಟು ಜಂಬವೂ ಇತ್ತು.

ಹನ್ನೆರಡರಲ್ಲಿ ಏಳನೆಯದು ಎಲ್ಲರ ಮುದ್ದಿನ ಆವಿಗೆ. ಎರಡು ವರ್ಷದ ಹಿಂದೆ ಬಿಲ್ಲೆ ಬದಲಿಸಿದಂದಿನಿಂದ ಅದು ಉಳಿದವುಗಳಿಗಿಂತ ಐದಾರು ಡಿಗ್ರಿ ಹೆಚ್ಚೇ ಕಾಯುತ್ತಿತ್ತು. ಅಳತೆಯ ಮಿತಿಯೊಳಗೇ ಇತ್ತು, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಏಳನೇದು ನಮ್ಮಪ್ಪನಂಗ, ಜರಾ ಸಿಟ್ಟು ಜಾಸ್ತಿ" ಎಂದು ನೀಲಗಂಗವ್ವ ನಗುತ್ತಿದ್ದಳು. ಸ್ಥಾವರದ ಗೋಡೆಗೆ ಹೊಂದಿಕೊಂಡು ಕೆಲಸಗಾರರ ಕಾಲನಿಯಿತ್ತು. ಅಲ್ಲಿನ ಹೆಂಗಸರು ಸೇರಿ ಒಂದು ಬಾಣಂತಿ ಕೋಣೆ ಕಟ್ಟಿಸಬೇಕೆಂದು ಗಂಟುಬಿದ್ದಾಗ ಅದಕ್ಕೆ ಬಿಸಿ ಎಲ್ಲಿಂದ ತರುವುದೆಂಬ ಪ್ರಶ್ನೆಯೇ ಏಳಲಿಲ್ಲ. ಏಳನೇ ಆವಿಗೆಯ ಗಾಳಿ ಮಗ್ಗುಲಿನಿಂದ ಒಂದು ಕೊಳವೆ ಎಳೆದು, ಹೊರಗಿನ ಗಾಳಿ ಬೆರೆಸಿ ಹದಮಾಡಿ, ಕೋಣೆಯ ಹೊರಸಿನ ಕೆಳಗೆ ಬಿಟ್ಟರು. ಕೊಳವೆಗೆ ಜಾಗ ಗುರುತು ಮಾಡಿ ಕೊಟ್ಟವಳು ನೀಲಗಂಗವ್ವ. ಅವರ ಮನೆತನದಲ್ಲಿ ಬಾಣಂತಿಯ ಹೊರಸನ್ನು ಆವಿಗೆಯ ಗೋಡೆಗೆ ಹಚ್ಚಿ ಹಾಕುವುದು ಅಜ್ಜಿಯ ಕಾಲದಿಂದ ಬಂದದ್ದು. ಅವಳೂ ಹಾಗೆಯೇ ಹುಟ್ಟಿದವಳು.

ಎರಡು ವರ್ಷದಲ್ಲಿ ಆ ಕೋಣೆಯಿಂದ ಹತ್ತೊಂಬತ್ತು ಕೂಸುಗಳು ಗುಂಡುಗುಂಡಾಗಿ ಹೊರಬಂದವು. ತಪಾಸಣೆಗೆ ಬಂದವರು ಕೂಡ ಮೆಚ್ಚಿಕೊಂಡು ಫೋಟೊ ತೆಗೆಸಿಕೊಂಡು ಹೋದರು. ಶುರುವಿನಲ್ಲಿ ಕೋಣೆಯ ಗೋಡೆಗೆ ಒಂದು ಬಿಳಿ ಡಬ್ಬಿ ಹಾಕಿದ್ದರು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದೇನಾದರೂ ಬಂದರೆ ಆ ಡಬ್ಬಿ ಕಿರುಚುತ್ತಿತ್ತು. ಆದರೆ ಬಾಣಂತಿ ಎಂದ ಮೇಲೆ ಎರಡು ಹೊತ್ತು ಕೆಂಡದ ಮೇಲೆ ಲೋಬಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ತಾಯಿ ಮಗುವಿಗೆ ಹೊಗೆ ಕೊಡಬೇಡವೇ? ಕೆಂಡದ ಹೊಗೆ ತಾಗಿದೊಡನೆ ಡಬ್ಬಿ ಊರೆಲ್ಲ ಕೇಳುವಂತೆ ಕಿರುಚುವುದು, ಮಲಗಿದ ಕೂಸು ಬೆಚ್ಚಿ ಅಳುವುದು. ಕೋಣೆ ನೋಡಿಕೊಳ್ಳುವ ಮುದುಕಿ ಫಕೀರವ್ವ ಒಂದು ದಿನ ಅದನ್ನು ಕಿತ್ತು, ಸೆರಗಿನಲ್ಲಿ ಸುತ್ತಿ ತಂದು ನೀಲಗಂಗವ್ವನ ಮೇಜಿನ ಮೇಲೆ ಕುಕ್ಕಿದಳು.

"ನಿಮ್ಮ ಈ ಹಡಬಿಟ್ಟಿ ಡಬ್ಬಿ ನೀವ ಇಟ್ಕೋರಿ. ಬಾಣಂತಿ ಕ್ವಾಣ್ಯಾಗ ಇಂಥಾದ್ದು ಇಡ್ತಾರೇನು?"

"ಶುದ್ಧ ಗಾಳಿ ಬಿಡ ಆಯಿ ಅದು, ಡಬ್ಬಿ ಯಾಕ ಬೇಕು" ಎಂದು ನೀಲಗಂಗವ್ವ ಅದನ್ನು ಡ್ರಾಯರಿನಲ್ಲಿ ಹಾಕಿಟ್ಟಳು.

ಆ ವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ನೀಲಗಂಗವ್ವನ ಒಬ್ಬಳೇ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಅಳಿಯ ಗಾಳಿಎಣ್ಣೆಯ ಟ್ಯಾಂಕರ್ ಓಡಿಸುವವನು, ವಾರಕ್ಕೊಮ್ಮೆ ಬಂದು ಮಗುವಿನ ಮುಖ ನೋಡಿಕೊಂಡು ಹೋಗುತ್ತಿದ್ದ. ಅಂಟಿನ ಉಂಡಿ, ಬಿಸಿನೀರು, ಕೌದಿ, ಕಿವಿಗೆ ಹತ್ತಿ. ನೀಲಗಂಗವ್ವ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಗಂಡನಿಲ್ಲದೆ ಬೆಳೆಸಿದ ಮಗಳು. ಬಾಣಂತನ ಚೆನ್ನಾಗಿ ಮಾಡಿ ಕಳಿಸಿದಳು ಅಂತ ಬೀಗರ ಬಾಯಲ್ಲಿ ಒಂದು ಮಾತು ಬಂದರೆ ಅವಳಿಗೆ ಅಷ್ಟೇ ಸಾಕಿತ್ತು.

ಮಗುವಿಗೆ ಹದಿನೆಂಟು ದಿನವಾಗಿದ್ದಾಗ ಗಾಳಿ ಸತ್ತಿತು. ಕಡಲಿನ ಕಡೆ ಎಲ್ಲೋ ಚಂಡಮಾರುತವಂತೆ. ಇಲ್ಲಿ ಮಾತ್ರ ಮೂರು ದಿನ ಮೋಡ ಮುಚ್ಚಿ ಜಿಟಿಜಿಟಿ ಹನಿ, ಒಂದು ಎಲೆ ಅಲುಗಲಿಲ್ಲ. ನಾನೂರು ಪಂಕಗಳೂ ತೆಪ್ಪಗೆ ನಿಂತವು. ಬಿಸಿಲಿನ ಕರೆಂಟೂ ಇಲ್ಲ. ಇದ್ದಬದ್ದ ಕರೆಂಟು ಕುಡಿಯುವ ನೀರಿಗೆ, ಆಸ್ಪತ್ರೆಗಳಿಗೆ ಹೋಯಿತು. ನಾಲ್ಕನೇ ದಿನ ಬೆಳಿಗ್ಗೆ ಪಾಳಿಗೆ ಬಂದಾಗ ನಿಯಂತ್ರಣ ಕೊಠಡಿಯಲ್ಲಿ ದಸ್ತಗೀರ ನದಾಫ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಹತ್ತು ವರ್ಷದಿಂದ ಅವಳ ಜೊತೆ ಕೆಲಸ ಮಾಡುವ ಆಪರೇಟರ್ ಅವನು.

"ಅಕ್ಕಾ, ಬೆಂಗಳೂರಿಂದ ಹುಕುಂ ಬಂದೈತಿ. ಕಾಯಿಸೋ ಕರೆಂಟು ಬಂದ್ ಮಾಡ್ತಾರಂತ. ಆವಗಿ ಆರಿಸೂದ ಬಂತು ನೋಡ್ರಿ."

"ಎಷ್ಟು ದಿನಾ?"

"ಗಾಳಿ ಬರೂತನ. ಗಾಳಿಗೆ ಯಾರು ಫೋನ್ ಮಾಡಿ ಕೇಳೂದು?"

ಆರಿಸಲು ಎರಡು ದಾರಿ. ಒಂದು, ನೈಟ್ರೋಜನ್ ಹಾಯಿಸಿ ಒಳಗಿನ ಉರಿಯುವ ಅನಿಲವನ್ನೆಲ್ಲ ತೊಳೆದು ಹಾಕಿ ಬೇಗ ತಣಿಸುವುದು. ಜನಕ್ಕೆ ಅಪಾಯವಿಲ್ಲ, ಆದರೆ ಬಿಲ್ಲೆಗಳಿಗೆ ಕೇಡು. ಈಚೆ ಮಗ್ಗುಲಿನಲ್ಲಿ ಬಳಿದ ನಿಕ್ಕಲ್ ಕಿಲುಬು ಹಿಡಿದು ಉಬ್ಬುತ್ತದೆ, ಅರ್ಧಕ್ಕರ್ಧ ಬಿಲ್ಲೆಗಳು ಸೀಳಿಹೋಗುತ್ತವೆ. ಇನ್ನೊಂದು ದಾರಿಯಲ್ಲಿ ಆವಿಗೆ ತಾನೇ ಮಾಡಿದ ಅನಿಲವನ್ನು ಸಣ್ಣಗೆ ಅದರ ಮೇಲೆಯೇ ಹಾಯಿಸುತ್ತ, ಗಂಟೆಗೆ ಮೂವತ್ತು ಡಿಗ್ರಿಯಂತೆ ಇಡೀ ದಿನ ಇಳಿಸಬೇಕು. ಬಿಲ್ಲೆಗಳೆಲ್ಲ ಉಳಿಯುತ್ತವೆ. ನಿಯಮದ ಪುಸ್ತಕದಲ್ಲಿ ಎರಡಕ್ಕೂ ಒಪ್ಪಿಗೆಯಿತ್ತು. ಕುಂಬಾರರ ಮಗಳಿಗೆ ಎರಡನೇ ಯೋಚನೆ ಬರಲಿಲ್ಲ. ತಾಸಿಗೆ ಮೂವತ್ತು ಎಂದು ಹೇಳಿ ತಾನೇ ಗುಂಡಿ ತಿರುಗಿಸಿದಳು.

ಮಧ್ಯಾಹ್ನ ಒಂದರ ಹೊತ್ತಿಗೆ ಕಸ್ತೂರಿಯ ಫೋನು ಬಂತು.

"ಯವ್ವಾ, ಕ್ವಾಣಿ ಥಣ್ಣಗಾಗಾಕತ್ತೈತಿ. ಕೂಸಿನ ಕಾಲು ಮುಟ್ಟಿದ್ರ ಬರಫ್ ಆಗ್ಯಾವು. ಒಂಚೂರು ಬಿಸಿ ಜಾಸ್ತಿ ಬಿಡು."

"ಆವಗಿ ಇಳಸಾಕತ್ತೀವಿ ತಂಗಿ, ಅದಕ್ಕ. ತಡಿ, ವಾಲ್ವ್ ಇನ್ನಷ್ಟು ತೆರೀತೇನಿ. ಉಂಡಿಯೇನು?"

"ಉಂಡ್ನಿ. ಆಯಿ ಕೂಸಿನ್ನ ಕಾಲ ಮ್ಯಾಲ ಹಾಕ್ಕೊಂಡು ತೂಕಡಸಾಕತ್ತಾಳ" ಎಂದು ಕಸ್ತೂರಿ ನಕ್ಕಳು.

ನೀಲಗಂಗವ್ವ ಎದ್ದುಹೋಗಿ ಕೊಳವೆಯ ವಾಲ್ವನ್ನು ಅರ್ಧದಿಂದ ಮುಕ್ಕಾಲಿಗೆ ತೆರೆದಳು. ಹೊರಗಿನ ಗಾಳಿ ಬೆರೆಯುವ ಕಿಂಡಿಯನ್ನು ಅಷ್ಟೇ ಮುಚ್ಚಿದಳು. ವಾಪಸು ಬಂದು ಬುತ್ತಿ ಬಿಚ್ಚಿ ದಸ್ತಗೀರನಿಗೂ ಎರಡು ರೊಟ್ಟಿ ಕೊಟ್ಟಳು.

ಎರಡೂವರೆಗೆ ಮತ್ತೆ ಫೋನು. ಈ ಸಲ ಮಗಳ ದನಿ ಸೋತಿತ್ತು.

"ಯವ್ವಾ, ತಲಿ ಸಿಡ್ಯಾಕತ್ತೈತಿ. ವಾಂತಿ ಬಂದಂಗ ಆಗ್ತೈತಿ."

"ಥಂಡಿ ಹೊಕ್ಕಿರಬೇಕು. ಕಿವ್ಯಾಗಿನ ಹತ್ತಿ ತಗದೀಯೇನ? ತೆಗೀಬ್ಯಾಡ. ಕೌದಿ ಮಾರೀತನ ಹೊತ್ಕೊಂಡು ಸುಮ್ಕ ಮಲಗು. ಕಿಡಕಿ ಸಂದ್ಯಾಗ ಅರಿವಿ ತುರುಕು ಅಂತ ಆಯಿಗೆ ಹೇಳು. ನಾ ಇನ್ನೂ ಬಿಸಿ ಬಿಡ್ತೇನಿ."

"ಹೂಂ ಯವ್ವಾ."

ಯಾವ ತಾಯಿಯಾದರೂ ಅದನ್ನೇ ಹೇಳುತ್ತಿದ್ದಳು. ಈ ಮಾತನ್ನು ಆಮೇಲೆ ಊರಿನ ಎಷ್ಟೋ ಜನ ಅವಳಿಗೆ ಹೇಳಿದರು, ಅದರಿಂದ ಅವಳಿಗೆ ಯಾವ ಉಪಕಾರವೂ ಆಗಲಿಲ್ಲ. ಅವಳು ಹೋಗಿ ವಾಲ್ವನ್ನು ಪೂರ್ತಿ ತೆರೆದಳು.

ಮೂರು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಪರದೆಯ ಮೇಲೆ ಹನ್ನೆರಡು ಆವಿಗೆಗಳ ಹನ್ನೆರಡು ಅಂಕಿಗಳು ಸಾಲಾಗಿ ಇಳಿಯುತ್ತಿದ್ದವು. ದಸ್ತಗೀರ ಚಹಾ ಗುಟುಕರಿಸುತ್ತ, "ಏಳನೇದು ದಾರಿಗೆ ಬಂತು ನೋಡ್ರಿ ಅಕ್ಕಾ" ಎಂದ. "ಯಾವಾಗ್ಲೂ ಐದಾರು ಡಿಗ್ರಿ ಮುಂದ ಇರ್ತಿತ್ತು. ಈಗ ಎಲ್ಲಾರ ಜೋಡಿ ಸರಿಸಮಾ. ಐನೂರಾ ಇಪ್ಪತ್ತೈದು."

ನೀಲಗಂಗವ್ವ ನಕ್ಕಳು. ಆಮೇಲೆ ಚಹಾದ ಲೋಟ ಕೆಳಗಿಟ್ಟು ಪರದೆಯತ್ತ ಬಾಗಿದಳು.

"ಯಾವಾಗಿಂದ ಸಮಾ ಆತು?"

ಅವನು ಹಿಂದಿನ ಗೆರೆ ಎಳೆದು ನೋಡಿದ. "ಆರನೂರರ ಕೆಳಗ ಇಳದಿಂದ. ಒಂದು ಗಂಟೇಕ್ಕ."

ಬೆಂಕಿಯ ಜೊತೆ ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಆವಿಗೆ ಎರಡು ವರ್ಷ ಬೇರೆಲ್ಲಕ್ಕಿಂತ ಹೆಚ್ಚು ಕಾಯುತ್ತದೆ ಎಂದರೆ ಅದರೊಳಗೆ ಯಾರಿಗೂ ಕಾಣದ ಒಂದು ಒಲೆ ಉರಿಯುತ್ತಿತ್ತು. ಯಾವುದೋ ಬಿಲ್ಲೆಯಲ್ಲಿ ಸೀಳು. ಈಚೆಯ ಅನಿಲ ಸೀಳಿನಿಂದ ಆಚೆಯ ಗಾಳಿಗೆ ನುಸುಳುತ್ತಿತ್ತು. ಎಂಟುನೂರು ಡಿಗ್ರಿಯಲ್ಲಿ ನುಸುಳಿದ್ದು ನುಸುಳಿದಲ್ಲೇ ಹೊತ್ತಿ ಉರಿದು ನಿರಪಾಯವಾಗಿ ಹೋಗುತ್ತಿತ್ತು. ಆ ಉರಿಯನ್ನೇ ಅವಳು ಅಪ್ಪನ ಸಿಟ್ಟು ಎಂದು ಮುದ್ದು ಮಾಡಿದ್ದಳು. ಹೆಚ್ಚು ಬಿಸಿ ಎಂದು ಬಾಣಂತಿ ಕೋಣೆಗೆ ಅದರದೇ ಕೊಳವೆ ಎಳೆಸಿದ್ದಳು. ಆರುನೂರರ ಕೆಳಗೆ ಆ ಅನಿಲ ತಾನಾಗಿ ಹೊತ್ತುವುದಿಲ್ಲ. ಒಲೆ ಆರಿತ್ತು, ಸೀಳು ಆರಿರಲಿಲ್ಲ. ಉರಿಯದೆ ಉಳಿದ ಕಾರ್ಬನ್ ಮೊನಾಕ್ಸೈಡು ಮಧ್ಯಾಹ್ನ ಒಂದರಿಂದ ಎಲ್ಲಿಗೆ ಹೋಗುತ್ತಿದೆ?

"ಏಳನೇದಕ್ಕ ನೈಟ್ರೋಜನ್ ಬಿಡೋ! ಕೊಳವಿ ಮುಚ್ಚು! ಆಕ್ಸಿಜನ್ ಸಿಲಿಂಡರ್ ತಗೊಂಡು ಬಾ!" ಎಂದು ಕೂಗಿದವಳೇ ಡ್ರಾಯರ್ ಎಳೆದಳು. ಬಿಳಿ ಡಬ್ಬಿ ಯಾಕೆ ಕೈಗೆತ್ತಿಕೊಂಡಳೋ ಅವಳಿಗೇ ತಿಳಿಯದು. ತಾನು ತಿಳಿದದ್ದು ಸುಳ್ಳೆಂದು ಅದಾದರೂ ಹೇಳಲಿ ಎಂದಿರಬೇಕು. ಕೆಸರಿನಲ್ಲಿ ಚಪ್ಪಲಿ ಕಳಚಿದ್ದೂ ಗೊತ್ತಾಗದೆ ಗೋಡೆಯ ಗೇಟು ದಾಟಿ ಓಡಿದಳು. ಕೋಣೆಯ ಹೊಸ್ತಿಲಿಗೆ ಕಾಲಿಡುತ್ತಲೇ ಡಬ್ಬಿ ಅವಳ ಮುಷ್ಟಿಯಲ್ಲಿ ಕಿರುಚತೊಡಗಿತು.

ಬಾಗಿಲು ನಾಲ್ಕು ಬೆರಳಿನಷ್ಟು ತೆರೆದಿತ್ತು. ಅದರ ಸಂದಿಗೇ ಮುಖ ಮಾಡಿ ಫಕೀರವ್ವ ಗೋಡೆಗೊರಗಿ ಕೂತಿದ್ದಳು. ಚಾಚಿದ ಕಾಲುಗಳ ಮೇಲೆ ಕೂಸು. ಮುದುಕಿ ಕಣ್ಣು ತೆರೆದು ಏನೋ ತೊದಲಿದಳು, ಕೂಸು ಸಣ್ಣಗೆ ನರಳಿತು. ಹೊರಸಿನ ಮೇಲೆ ಕಸ್ತೂರಿ ತಾಯಿ ಹೇಳಿದಂತೆಯೇ ಕೌದಿ ಹೊದ್ದು ಮಲಗಿದ್ದಳು. ಕೆನ್ನೆ, ತುಟಿ ಎಲ್ಲ ಕೆಂಪಗೆ ಕಳೆಕಳೆಯಾಗಿದ್ದವು, ಬಾಣಂತನ ಮೈಗೆ ಹತ್ತಿದವಳ ಹಾಗೆ. ನೀಲಗಂಗವ್ವ ಅವಳನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ ಮಳೆಗೆ ತಂದಳು. ದಸ್ತಗೀರ ಸಿಲಿಂಡರ್ ಹೊತ್ತು ಬಂದ. ಅದೇ ಸ್ಥಾವರ ಮಾಡಿದ ಆಮ್ಲಜನಕ, ಅದೇ ಸ್ಥಾವರದ ಎಣ್ಣೆ ಕುಡಿದು ಓಡಿದ ಆಂಬುಲೆನ್ಸು. ಎರಡೂ ಕೂಸನ್ನು ಉಳಿಸಿದವು. ಕಸ್ತೂರಿ ಆಸ್ಪತ್ರೆ ಮುಟ್ಟುವ ಮೊದಲೇ ತಾಯಿಯ ತೊಡೆಯ ಮೇಲೆ ತೀರಿಕೊಂಡಳು.

ಅಳಿಯ ಬಂದ. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮೂರನೇ ದಿನ ನೀಲಗಂಗವ್ವನ ಮನೆಗೆ ಫಕೀರವ್ವ ಬಂದಳು. ಅವಳಿಗೂ ಎರಡು ದಿನ ಮೂಗಿಗೆ ಕೊಳವೆ ಹಾಕಿದ್ದರು. ಆಸ್ಪತ್ರೆಯಿಂದ ನೇರ ಬಂದವಳು ಒಳಗೆ ಬರದೆ ಕಟ್ಟೆಯ ಮೇಲೆ ಕುಸಿದಳು.

"ತಂಗೀ, ನಿನ್ನ ಕಾಲು ಹಿಡಿತೇನಿ. ನಿನ್ನ ಮಗಳನ್ನ ನಾ ಕೊಂದೆ."

"ಏನಂತೀ ಆಯಿ?"

"ನನಗ ತಂಬಾಕದ ಚಟಾ ಐತೆವ್ವ. ಬಾಣಂತಿ ಮುಂದ ತಿನ್ನಬಾರ್ದು, ಉಗುಳಾಕ ಹೊರಗ ಹೋಗಬಾರ್ದು. ಅದಕ್ಕ ಬಾಗಲಾ ನಾಕು ಬಳ್ಳು ತಗದು ಅಲ್ಲೇ ಕುಂತಿದ್ನಿ. ಅದ್ರಿಂದ ಥಂಡಿ ಹೊಕ್ತು. ಥಂಡಿ ಹೊಕ್ಕಿದ್ದಕ್ಕ ಆಕಿ ತಲಿ ಸಿಡಿತೈತಿ ಅಂದ್ಲು. ನಾ ಬಾಗಲಾ ಹಾಕಿದ್ರ ಆಕಿ ಬದಕ್ತಿದ್ಲು."

ಆ ನಾಲ್ಕು ಬೆರಳಿನ ಸಂದಿಯೇ ಕೂಸನ್ನೂ ಮುದುಕಿಯನ್ನೂ ಉಳಿಸಿದ್ದು. ಅದನ್ನು ಹೇಳಬೇಕೆಂದು ನೀಲಗಂಗವ್ವ ಬಾಯಿ ತೆರೆದಳು. ಹೇಳಿದರೆ ಉಳಿದದ್ದನ್ನೂ ಹೇಳಬೇಕು. ವಾಲ್ವ್ ತೆರೆದ ಕೈ ಯಾರದು, ಕಿಡಕಿ ಸಂದಿಗೆ ಅರಿವೆ ತುರುಕು ಎಂದವರು ಯಾರು. ಅವಳಿಂದಾಗಲಿಲ್ಲ. ಮುದುಕಿಯ ಕೈ ಹಿಡಿದು ಸುಮ್ಮನೆ ಕೂತಳು. ಆ ಹೇಡಿತನವನ್ನು ಅವಳು ತನಗೆ ತಾನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ವಿಚಾರಣೆಗೆ ಬೆಂಗಳೂರಿನಿಂದ ಮೂವರು ಬಂದರು. ನೀಲಗಂಗವ್ವ ಅವರ ಮುಂದೆ ಏಳನೇ ಆವಿಗೆಯ ಮಾತೆತ್ತಿದಳು. ಅವರು ಅಂಕಿಗಳನ್ನೆಲ್ಲ ನೋಡಿದರು. ಎಲ್ಲವೂ ಮಿತಿಯೊಳಗಿದ್ದವು. ಗಾಳಿಯ ಕೊಳವೆಯಲ್ಲಿ ವಿಷಾನಿಲ ಅಳೆಯುವ ಸಾಧನವೇ ಇರಲಿಲ್ಲ. ಆದರೆ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇತ್ತು. ಬೆಳಿಗ್ಗೆ ಲೋಬಾನದ ಹೊಗೆ ಹಾಕಿದ್ದೆಯಾ ಎಂದು ಕೇಳಿದಾಗ ಫಕೀರವ್ವ ಹೌದೆಂದಳು. ಡಬ್ಬಿ ಕಿತ್ತವರು ಯಾರು ಎಂದಾಗ, ನಾನೇ ಎಂದಳು. ಬರೆಯುವವರಿಗೆ ಇನ್ನೇನು ಬೇಕು? ಮುಚ್ಚಿದ ಕೋಣೆ, ಕೆಂಡ, ಅಜಾಗರೂಕತೆ. ಮುದುಕಿಯ ಮೇಲೆ ಕೇಸು ಆಗುತ್ತದೆ ಎಂಬ ಸುದ್ದಿ ವರದಿಗಿಂತ ಮೊದಲೇ ಕಾಲನಿಗೆ ಬಂತು.

ಸ್ಥಾವರದ ಮ್ಯಾನೇಜರ್ ಹೊಸಮನಿ ಕೆಟ್ಟವನಲ್ಲ. ಮಣ್ಣಿಗೆ ಬಂದಿದ್ದ, ಅತ್ತಿದ್ದ. ಹತ್ತನೇ ದಿನ ಗುಡ್ಡದ ಮೇಲೆ ಗಾಳಿ ತಿರುಗಿ ಎದ್ದಾಗ ಅವನೇ ನೀಲಗಂಗವ್ವನ ಮನೆಗೆ ಬಂದು ಹೊಸ್ತಿಲ ಹೊರಗೆ ನಿಂತು ಮಾತಾಡಿದ.

"ನೋಡವ್ವ, ಸೀಳು ಐತೋ ಇಲ್ಲೋ ದೇವರಿಗೇ ಗೊತ್ತು. ನೋಡಬೇಕಂದ್ರ ಮೊಹರು ಒಡೀಬೇಕು. ಒಡದ್ರ ಅರವತ್ತು ಬಿಲ್ಲಿನೂ ಹೋದಂಗ. ಸೀಳು ಸಿಕ್ತು ಅಂತಿಟ್ಕೋ, ಕಾನೂನಿನ ಪ್ರಕಾರ ಹನ್ನೆರಡೂ ಬಂದ್ ಮಾಡಿ ಒಡದು ನೋಡಬೇಕು. ಹೊಸಾ ಬಿಲ್ಲಿ ಬರಾಕ ಎಂಟು ತಿಂಗಳು. ಸುಗ್ಗಿ ಬಂದೈತಿ. ಇಡೀ ತಾಲೂಕು ನಮ್ಮ ಎಣ್ಣಿ ಮಾರಿ ನೋಡಾಕತ್ತೈತಿ. ನಾಳೆ ಮತ್ತೊಬ್ಬ ಬಾಣಂತಿಗೆ ಆಂಬುಲೆನ್ಸ್ ಬೇಕಾದ್ರ?"

"ಫಕೀರವ್ವ ಏನಾಗ್ತಾಳ್ರಿ?"

"ವಯಸ್ಸಾಗೈತಿ. ಹ್ಯಾಂಗೂ ಜಾಮೀನು ಸಿಗತೈತಿ" ಎಂದು ಅವನು ತಲೆ ತಗ್ಗಿಸಿದ. "ಆ ಕೊಳವಿ ಕಿತ್ತು ಹಾಕ್ತೇನಿ, ನನ್ನ ಮಾತು ಐತಿ. ನೀ ಬಂದು ಕಾಯಿಸಾಕ ಶುರು ಮಾಡು. ನಿನ್ನ ಕೈಗುಣಾ ಚಲೋ ಐತಿ."

ಮತ್ತೆ ಕಾಯಿಸಿದರೆ ಸೀಳಿನ ಅನಿಲ ಮತ್ತೆ ಒಳಗೇ ಉರಿಯುತ್ತದೆ, ಸೀಳು ಮತ್ತೆ ಅಡಗಿಕೊಳ್ಳುತ್ತದೆ. ಮುಂದಿನ ಸಲ ಗಾಳಿ ಸತ್ತಾಗ ಅದು ಶೆಡ್ಡಿನಲ್ಲಿ ಯಾರನ್ನಾದರೂ ಹುಡುಕಿಕೊಳ್ಳುತ್ತದೆ. ಹೊಸಮನಿ ಹೇಳಿದ್ದೂ ಸುಳ್ಳಲ್ಲ ಎಂಬುದು ನೀಲಗಂಗವ್ವನಿಗೆ ಗೊತ್ತಿತ್ತು. ಎಂಟು ತಿಂಗಳು ಎಣ್ಣೆಯಿಲ್ಲ ಎಂದರೆ ಬರೀ ಬಸ್ಸು ನಿಲ್ಲುವ ಮಾತಲ್ಲ. ಯಾರದೋ ಮನೆಯಲ್ಲಿ ಯಾರೋ ಸಾಯುತ್ತಾರೆ, ಅವರ ಹೆಸರು ಅವಳಿಗೆ ತಿಳಿಯುವುದೂ ಇಲ್ಲ. ಅವಳು ಕೂಸಿನ ಜೊತೆ ಮಲಗಿ ಅತ್ತಳು, ಮತ್ತೆ ಎದ್ದು ಕೂತಳು. ಬೆಳಿಗ್ಗೆ ಮುಖ ತೊಳೆದು ಸ್ಥಾವರಕ್ಕೆ ಹೋದಳು.

ಚಾಲೂ ಮಾಡುವ ಕಾಗದಕ್ಕೆ ಸಹಿ ಹಾಕಲು ಆ ಮೂವರೂ ಶೆಡ್ಡಿಗೆ ಬಂದಿದ್ದರು. ನೀಲಗಂಗವ್ವ ಕಾಯಿಸುವ ಗುಂಡಿಯ ಕಡೆ ಹೋಗಲಿಲ್ಲ. ನೇರ ಏಳನೇ ಆವಿಗೆಯ ಮುಂದೆ ನಿಂತು ಕೈ ಚಾಚಿದಳು.

"ದಸ್ತಗೀರಾ, ಉಳಿ ಸುತ್ತಿಗಿ ಕೊಡು."

"ಅಕ್ಕಾ, ಒಡದ್ರ ಮತ್ತ ಕೂಡಂಗಿಲ್ಲ. ಇದನ್ನ ಉಳಸಾಕ ಅಲ್ಲೇನ್ರಿ ನೀವು ಅವತ್ತು…" ಎಂದವನು ಮಾತು ನುಂಗಿದ.

"ಅದಕ್ಕ ಕೊಡು."

ಹೊಸಮನಿ ಬ್ಯಾಡ ಬ್ಯಾಡ ಎನ್ನುತ್ತ ಮುಂದೆ ಬಂದ. ಅಷ್ಟರಲ್ಲಿ ಮೊದಲ ಏಟು ಬಿದ್ದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಈ ಸಲ ದೊಣ್ಣೆಯೂ ಕುಂಬಾರರ ಕೈಯಲ್ಲೇ ಇತ್ತು. ಮೊಹರು ಸಿಡಿದು ನೆಲದ ಮೇಲೆ ಚೆಲ್ಲಿತು. ಅವಳು ನೆಲಕ್ಕೆ ಗೋಣಿತಟ್ಟು ಹಾಸಿ ಕೂತು, ಬಿಲ್ಲೆಗಳನ್ನು ಮೇಲಿನಿಂದ ಒಂದೊಂದೇ ಎಬ್ಬಿಸಿ ತೆಗೆದಳು. ಎಡಗೈ ಬೆರಳ ತುದಿಯ ಮೇಲೆ ಇಟ್ಟುಕೊಂಡು ಬಲಗೈ ಗೆಣ್ಣಿನಿಂದ ಬಡಿದಳು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿದು ನೋಡುವ ಹಾಗೆ.

ಟಣ್ ಎಂದಿತು. ಪಕ್ಕಕ್ಕಿಟ್ಟಳು. ಎರಡನೆಯದೂ ಟಣ್ ಎಂದಿತು. ಹತ್ತಾಯಿತು, ಇಪ್ಪತ್ತಾಯಿತು. ಒಂದಕ್ಕಿಂತ ಒಂದು ಚೊಕ್ಕ ದನಿ. ಅಷ್ಟು ಜೋಪಾನವಾಗಿ ಇಳಿಸಿದ್ದಳು ಅವುಗಳನ್ನು. ಬೆಂಗಳೂರಿನವರು ಕೈಗಡಿಯಾರ ನೋಡಿಕೊಂಡರು. ಮೂವತ್ತಾದಾಗ ಹೊಸಮನಿ, "ಸಾಕು ಮಾಡವ್ವ" ಎಂದ. ನೀಲಗಂಗವ್ವನ ಎದೆಯಲ್ಲೂ ಅನುಮಾನ ಹೊಕ್ಕಿತು. ಸೀಳೇ ಇಲ್ಲದಿದ್ದರೆ? ಕೆಂಡವೇ ಕೊಂದಿದ್ದರೆ? ಹಾಗಿದ್ದರೆ ತಾನು ನಿರಪರಾಧಿ. ಹಾಗೇ ಇರಲಿ ಎಂದು ಒಂದು ಗಳಿಗೆ ಗುಡ್ಡದ ಗಾಳೆವ್ವನನ್ನು ಬೇಡಿಕೊಂಡಳು.

ನಲವತ್ತೊಂದನೇ ಬಿಲ್ಲೆ ದಬ್ ಎಂದಿತು.

ಮತ್ತೆ ಬಡಿದಳು. ದಬ್. ಶೆಡ್ಡಿನಲ್ಲಿದ್ದವರಿಗೆಲ್ಲ ಕೇಳಿಸಿತು. ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ಅಂಚಿನಿಂದ ನಡುವಿನವರೆಗೆ ಕೂದಲಿನಷ್ಟು ಸಣ್ಣ ಗೆರೆ, ಅದರ ಎರಡೂ ಬದಿ ಎರಡು ವರ್ಷ ಉರಿದ ಕಂದು ಕಲೆ. ಅವಳು ಅದನ್ನು ಆ ಮೂವರ ಮುಂದೆ ಹಿಡಿದಳು.

"ಫಕೀರವ್ವಂದಲ್ರಿ ತಪ್ಪು. ಈ ಆವಗಿಗೆ ಕೊಳವಿ ಹಚ್ಚಿಸಿದಾಕಿ ನಾನು. ಡಬ್ಬಿ ಡ್ರಾಯರ್‌ನಾಗ ಇಟ್ಟಾಕಿ ನಾನು. ವಾಲ್ವ್ ತೆರದಾಕಿ ನಾನು. ಬರ್ಕೋರಿ."

ಅವರು ಬರೆದುಕೊಂಡರು. ಅಂದೇ ಸಂಜೆ ಹನ್ನೆರಡೂ ಆವಿಗೆಗಳಿಗೆ ಬೀಗ ಬಿತ್ತು. ಕಾಲನಿಯ ಗೇಟಿನ ಹತ್ತಿರ ನಿಂತಿದ್ದ ಜನ ಅವಳಿಗೆ ದಾರಿ ಬಿಟ್ಟರು, ಆದರೆ ಒಬ್ಬರೂ ಮಾತಾಡಿಸಲಿಲ್ಲ. ಟ್ಯಾಂಕರುಗಳು ಸಾಲಾಗಿ ಖಾಲಿ ನಿಂತಿದ್ದವು, ಅವುಗಳಲ್ಲಿ ಅಳಿಯನದೂ ಒಂದು.

ಮನೆಯಲ್ಲಿ ಫಕೀರವ್ವ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದು, ಕುಂಚಿಗೆ ಕಟ್ಟಿ ಕಾಲ ಮೇಲೆ ಹಾಕಿಕೊಂಡಿದ್ದಳು. ನೀಲಗಂಗವ್ವ ಅವಳೆದುರು ಕೂತು ಎಲ್ಲ ಹೇಳಿದಳು, ಒಂದನ್ನೂ ಬಿಡದೆ. ಮುದುಕಿ ಕುಂಚಿಗೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಬಯ್ಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊರಗೆ ಗುಡ್ಡದ ಮೇಲೆ ನಾನೂರು ಪಂಕಗಳೂ ಭರ್ರೆಂದು ತಿರುಗುತ್ತಿದ್ದವು. ಆ ಕರೆಂಟು ಯಾರಿಗೂ ಬೇಡವಾಗಿತ್ತು. ಅದೇ ಗಾಳಿ ತೆರೆದ ಬಾಗಿಲಿನಿಂದ ಒಳಗೆ ನುಗ್ಗಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಪಟಪಟ ಬಡಿಯಿತು. ಕೂಸು ಸೀನಿತು.

ಫಕೀರವ್ವ ರೂಢಿಯಿಂದ ಏಳಹೋಗಿ ಅರ್ಧಕ್ಕೆ ನಿಂತಳು.

"ಥಂಡಿ ಗಾಳಿ ಬರಾಕತ್ತೈತಿ. ಬಾಗಲಾ ಹಾಕ್ಲೇನ ತಂಗಿ?"

"ಬ್ಯಾಡ ಆಯಿ" ಎಂದಳು ನೀಲಗಂಗವ್ವ. "ಬರ್ಲಿ."